ಗೆರೆ ನಡುಗಿದ ಬೇಸಿಗೆ

ಮಾರ್ಚ್ 3

ಮಾವನಿಗೆ ಕಡ್ಡಿಯ ನಮಸ್ಕಾರ.

ಫೋನ್ ಮಾಡಿ ಮಾಡಿ ನನ್ನ ಬೆರಳು ಸವೆದವು. ನೀವಂತೂ ಎತ್ತುವುದಿಲ್ಲ. ಅತ್ತೆ ಎತ್ತಿದರೆ, "ಅವರಿಗೆ ಫೋನಂದ್ರೆ ಆಗಲ್ಲ ಕಣಮ್ಮ, ಕಾಗದ ಬರಿ" ಅನ್ನುತ್ತಾರೆ. ಯಾವ ಕಾಲದಲ್ಲಿದ್ದೀರಿ ಮಾವ? ಹೋಗಲಿ, ಹೇಗೂ ಡಬ್ಬಿ ಕಳಿಸಲೇಬೇಕಿತ್ತು, ಅದರ ಜೊತೆ ಇದೂ ಬರುತ್ತಿದೆ.

ಡಬ್ಬಿಯಲ್ಲಿ ನನ್ನ ಎರಡೂ ಹಚ್ಚೆ ಮೆಷಿನ್‌ಗಳಿವೆ. ಗೆರೆ ಎಳೆಯುವ ಲೈನರ್, ನೆರಳು ತುಂಬುವ ಶೇಡರ್. ನೀವು ಕಟ್ಟಿಕೊಟ್ಟ ಮೇಲೆ ಒಂದು ದಿನವೂ ರಜೆ ಕೊಟ್ಟಿಲ್ಲ ಅವಕ್ಕೆ, ಸ್ಪ್ರಿಂಗುಗಳು ಸೋತಿವೆ. ಲೈನರ್ ಆಗಾಗ ತೂಕಡಿಸುತ್ತದೆ. ಶೇಡರ್ ಅಂತೂ ಪೆಡಲ್ ಒತ್ತಿದ ಮೇಲೆ ಹೋಗಲೋ ಬೇಡವೋ ಅಂತ ಯೋಚನೆ ಮಾಡುತ್ತದೆ. ಎರಡನ್ನೂ ಬಿಚ್ಚಿ ಹೊಸ ಸ್ಪ್ರಿಂಗ್ ಹಾಕಿ, ನಿಮ್ಮ ಕಿವಿಗೆ ಒಪ್ಪುವ ಹಾಗೆ ಹೊಂದಿಸಿ ಕಳಿಸಿ. ಅಷ್ಟರಲ್ಲಿ ನಾನು ಅಂಗಡಿಯ ಗೋಡೆಗೆ ಬಣ್ಣ ಬಳಿದು ಮುಗಿಸುತ್ತೇನೆ.

ಅವಸರ ಯಾಕೆಂದರೆ ದೊಡ್ಡ ಕೆಲಸ ಸಿಕ್ಕಿದೆ. ಬಸ್ ಓಡಿಸುವ ಹೆಂಗಸೊಬ್ಬಳು ಬಂದಿದ್ದಳು. ಭುಜದಿಂದ ಮಣಿಕಟ್ಟಿನವರೆಗೆ ಒಂದೇ ಬಳ್ಳಿ ಬೇಕಂತೆ. "ಸ್ಟೀರಿಂಗ್ ತಿರುಗಿಸ್ದಾಗ ಬಳ್ಳೀನೂ ತಿರುಗ್ಬೇಕು, ಹಿಂದೆ ಕೂತೋರೆಲ್ಲ ನೋಡ್ಬೇಕು" ಅಂದಳು. ಎದುರಿನ ಹಚ್ಚೆ ಅಂಗಡಿಯ ಗಡ್ಡದವನನ್ನು ಬಿಟ್ಟು ನನ್ನ ಹತ್ತಿರ ಬಂದಿದ್ದಾಳೆ ಅನ್ನುವುದಕ್ಕೇ ನನಗೆ ಅರ್ಧ ಹೊಟ್ಟೆ ತುಂಬಿತು. ಒಂದು ಸಲ ಎಳೆದ ಗೆರೆಯನ್ನು ಅಳಿಸುವ ಹಾಗಿಲ್ಲವಲ್ಲ, ಅದಕ್ಕೇ ಮೆಷಿನ್ ಮೇಲೆ ಇಷ್ಟು ಮುತುವರ್ಜಿ.

ಅಮ್ಮ ಚೆನ್ನಾಗಿದ್ದಾಳೆ. ಅವಳ ಕೈ ನಡುಗುತ್ತದೆಂದು ನಾನು ಟೀ ಅರ್ಧ ಲೋಟ ಕೊಟ್ಟರೆ, "ಇನ್ನರ್ಧ ಯಾರಿಗೆ ಇಟ್ಕೊಂಡಿದೀಯಾ" ಅಂತ ಬೈಯುತ್ತಾಳೆ. ಅತ್ತೆಗೆ ಕೇಳಿದೆನೆಂದು ಹೇಳಿ.

ಕಡ್ಡಿ

ಮಾರ್ಚ್ 17

ಕಡ್ಡಿ,

ಡಬ್ಬಿ ತೆರೆದೆ. ಮೆಷಿನ್‌ಗಳಿಗೆ ಶಾಯಿ ಕುಡಿಸಿ ಸಾಕಿದ್ದೀಯಾ ಅಥವಾ ಸ್ನಾನ ಮಾಡಿಸಿದ್ದೀಯಾ, ಗೊತ್ತಾಗಲಿಲ್ಲ. ತಂತಿ ಸುತ್ತಿದ ಕಾಯಿಲ್ ಮೇಲೆ ಒಣಗಿದ್ದನ್ನು ಕೆರೆಯುವುದಕ್ಕೇ ಒಂದು ಬೆಳಗ್ಗೆ ಹೋಯಿತು.

ಕೆಲಸ ಚೆನ್ನಾಗಿಯೇ ಆಗಿದೆ. ಶೇಡರ್‌ಗೆ ಉದ್ದನೆಯ ಮೆತ್ತನೆ ಸ್ಪ್ರಿಂಗ್ ಹಾಕಿದ್ದೇನೆ, ಸ್ಪ್ರಿಂಗಿಗೂ ತಿರುಪಿಗೂ ನಡುವೆ ಸಂದು ಸ್ವಲ್ಪ ಹೆಚ್ಚು ಬಿಟ್ಟು ಅದನ್ನೂ ಕಿವಿಯಿಂದಲೇ ಹೊಂದಿಸಿದ್ದೇನೆ. ಲೈನರ್‌ಗೆ ಗಿಡ್ಡನೆಯ ಗಟ್ಟಿ ಸ್ಪ್ರಿಂಗ್, ಸಂದು ಕಡಿಮೆ. ಲೈನರ್ ಮೊದಮೊದಲು ಮಂಕಾಗಿ ಗೊಣಗುತ್ತಿತ್ತು, ಎಷ್ಟು ಹೊಂದಿಸಿದರೂ ಆ ಚುರುಕು ಸದ್ದು ಬರಲೊಲ್ಲದು. ನಾನು ಬಿಡುತ್ತೇನೆಯೇ? ತಿರುಪನ್ನು ಕೂದಲೆಳೆಯಷ್ಟು ಒಳಗೆ, ಇನ್ನೂ ಒಂದು ಕೂದಲೆಳೆ ಒಳಗೆ ಅಂತ ಬಿಗಿ ಮಾಡುತ್ತಾ ಹೋದೆ. ಕೊನೆಗೆ ಬಂತು ನೋಡು, ಕಿವಿಗೆ ನೆಟ್ಟಗೆ ಹೊಕ್ಕುವ ಸದ್ದು. ಮೀಟರ್ ಇಟ್ಟುಕೊಂಡು ಹೊಂದಿಸುವವರು ಹೊಂದಿಸಲಿ. ಮನೆಗಳ ಕಾಲಿಂಗ್ ಬೆಲ್ ರಿಪೇರಿ ಮಾಡಿ ಬೆಳೆದ ಕಿವಿ ಇದು. ಬೆಲ್ಲೂ ಅದೇ ಸಂಸಾರದ್ದು, ಕಾಯಿಲ್ ಎಳೆಯುವುದು, ಸ್ಪ್ರಿಂಗ್ ಬಿಡಿಸಿಕೊಳ್ಳುವುದು. ನಿನ್ನದರಲ್ಲಿ ಗಂಟೆಯ ಬದಲು ಸೂಜಿ, ಅಷ್ಟೇ ವ್ಯತ್ಯಾಸ.

ಫೋನ್ ವಿಷಯ ಕೇಳಿದ್ದೀಯ. ಇಲ್ಲಿ ಲೈನ್ ಸರಿಯಿಲ್ಲ, ಬರೀ ಗೊರಗೊರ. ಬರೆದರೆ ಎರಡು ಸಲ ಓದಬಹುದು.

ನಿಮ್ಮತ್ತೆ ಈಚೆಗೆ ಬಹಳ ಮೆತ್ತಗಾಗಿದ್ದಾಳೆ. ಮೊದಲೆಲ್ಲ ಅಡುಗೆಮನೆಯಲ್ಲಿ ಪಾತ್ರೆ ಎತ್ತಿಟ್ಟುಕೊಂಡು ನನ್ನ ಬಗ್ಗೆ ಏನಾದರೂ ಅನ್ನುತ್ತಲೇ ಇರುತ್ತಿದ್ದಳು, ಈಗ ಸೊಲ್ಲೇ ಇಲ್ಲ. ವಯಸ್ಸಾದಂತೆ ಜನ ಮಾಗುತ್ತಾರೆ ಅನ್ನುವುದು ನಿಜ ಇರಬೇಕು. ಮನೆಯಲ್ಲಿ ನೆಮ್ಮದಿಯಾಗಿದೆ.

ಡ್ರೈವರಮ್ಮನ ಬಳ್ಳಿ ಹೇಗೆ ಬಂತೆಂದು ಬರೆ. ಅಕ್ಕನಿಗೆ ಟೀ ಪೂರ್ತಿ ಕೊಡು, ಚೆಲ್ಲಿದರೆ ಒರೆಸಿದರಾಯಿತು.

ಮಾವ

ಏಪ್ರಿಲ್ 9

ಮಾವನಿಗೆ,

ಮೆಷಿನ್‌ಗಳು ಬಂದವು, ಫಳಫಳ ಅನ್ನುತ್ತಿವೆ. ತಡವಾಗಿ ಬರೆಯುತ್ತಿದ್ದೇನೆ, ಕೆಲಸ ಜಾಸ್ತಿ.

ಬಳ್ಳಿ ಶುರು ಮಾಡಿದೆ. ಭುಜದ ಮೇಲಿನ ಮೂರು ಎಲೆಗಳಾಗಿವೆ. ಡ್ರೈವರಮ್ಮ ಕನ್ನಡಿಯಲ್ಲಿ ನೋಡಿಕೊಂಡು, "ಎಲೆ ಅಂಚು ಗರಗಸದ ಥರ ಇದೆಯಲ್ಲ, ಚೆಂದ ಇದೆ" ಅಂದಳು. ನಾನೂ ಹೌದೌದು ಅಂದೆ. ನಿಮಗೆ ಮಾತ್ರ ಹೇಳುತ್ತೇನೆ, ನಾನು ಬರೆದುಕೊಂಡಿದ್ದ ಎಲೆಗೆ ಗರಗಸದ ಅಂಚು ಇರಲಿಲ್ಲ. ಗೆರೆ ಅಲ್ಲಲ್ಲಿ ಅದುರಿತು, ಅದುರಿದ್ದನ್ನು ಮುಚ್ಚಲು ಎಲ್ಲ ಕಡೆಯೂ ಹಾಗೇ ಮಾಡಿದೆ.

ಅಭ್ಯಾಸದ ರಬ್ಬರ್ ಹಾಳೆಯ ಮೇಲೆ ಉದ್ದ ಗೆರೆಗಳನ್ನು ಎಳೆದು ಇದರ ಜೊತೆ ಇಟ್ಟಿದ್ದೇನೆ, ನೋಡಿ. ಎಷ್ಟು ಒತ್ತಬೇಕು, ಎಷ್ಟು ವೇಗವಾಗಿ ಕೈ ಎಳೆಯಬೇಕು ಅಂತ ಇನ್ನೊಂದು ಸಲ ಹೇಳಿಕೊಡಿ. ಇಷ್ಟು ವರ್ಷ ಆದಮೇಲೆ ಕೇಳುವ ಪ್ರಶ್ನೆಯೇ ಇದು ಅಂತ ಬೈಯಬೇಡಿ. ಶೇಡರ್‌ನಲ್ಲಿ ನೆರಳು ಮೊದಲು ಪುಡಿ ಉದುರಿಸಿದ ಹಾಗೆ ಬೀಳುತ್ತಿತ್ತು, ಈಗ ಚರ್ಮ ಬೇಗ ಕೆಂಪಾಗುತ್ತಿದೆ. ಅದೂ ನನ್ನದೇ ಏನೋ ಇರಬೇಕು.

ಇನ್ನೊಂದು. ಅಮ್ಮ ಹೊಲಿಗೆ ಬಿಟ್ಟಾಗ ಅವಳ ವಯಸ್ಸೆಷ್ಟು? ಅಜ್ಜನಿಗೂ ಕೈ ನಡುಗುತ್ತಿತ್ತಂತಲ್ಲ, ಅವರಿಗೆ ಯಾವಾಗ ಶುರುವಾಯಿತು? ಸುಮ್ಮನೆ ಕೇಳಿದೆ.

ಕಡ್ಡಿ

ಏಪ್ರಿಲ್ 20

ಕಡ್ಡಿ,

ಹಾಳೆ ನೋಡಿದೆ. ಒತ್ತುತ್ತಿದ್ದೀಯ. ನೂರು ಸಲ ಹೇಳಿದ್ದೇನೆ, ಮೆಷಿನ್ ತನ್ನ ಕೆಲಸ ತಾನು ಮಾಡುತ್ತದೆ, ನೀನು ಅದರ ತಲೆ ಮೇಲೆ ಕೂರಬೇಡ ಅಂತ. ಮೊಣಕೈ ಎಲ್ಲಿಟ್ಟುಕೊಳ್ಳುತ್ತಿದ್ದೀಯ? ಗಾಳಿಯಲ್ಲಿ ತೇಲಿಸುತ್ತಿರುತ್ತೀಯ, ನನಗೆ ಗೊತ್ತಿಲ್ಲವೇ. ಕುರ್ಚಿ ಎತ್ತರ ಸರಿಮಾಡಿಕೋ. ಎಡಗೈಯಲ್ಲಿ ಚರ್ಮವನ್ನು ಬಿಗಿಯಾಗಿ ಹಿಗ್ಗಿಸಿ ಹಿಡಿ. ಉಸಿರು ಬಿಡುವಾಗ ಗೆರೆ ಎಳೆ, ತೆಗೆದುಕೊಳ್ಳುವಾಗ ಅಲ್ಲ. ಊಟ ಸರಿಯಾಗಿ ಮಾಡು. ನಿದ್ದೆ ಮಾಡು. ಹೊಟ್ಟೆಗಿಲ್ಲದೆ ಕೂತರೆ ಯಾರ ಕೈಯಾದರೂ ಅದುರುತ್ತದೆ. ನಿನ್ನ ಹೆಸರೇ ಕಡ್ಡಿ.

ಗೆರೆ ಎಳೆಯುವಾಗ ಮಾತಾಡುತ್ತೀಯೇನೋ. ಗಿರಾಕಿಯ ಜೊತೆ ಹರಟೆ ಹೊಡೆದುಕೊಂಡು ಎಳೆದರೆ ಗೆರೆಯೂ ಹರಟೆ ಹೊಡೆಯುತ್ತದೆ. ಬಾಯಿ ಮುಚ್ಚಿಕೊಂಡು ಕೆಲಸ ಮಾಡು.

ಲೈನರ್ ಇನ್ನೂ ಮಂಕು ಅನ್ನಿಸಿದರೆ ಕಳಿಸು, ಇನ್ನೊಂದು ಚೂರು ಬಿಗಿ ಮಾಡಿಕೊಡುತ್ತೇನೆ.

ಅಕ್ಕನ ವಯಸ್ಸಿನ ಲೆಕ್ಕ ಇಟ್ಟುಕೊಂಡು ನಾನೇನು ಮಾಡಲಿ. ಅಂಥದ್ದೆಲ್ಲ ಕೇಳಬೇಡ.

ಮಾವ

ಮೇ 11

ಮಾವನಿಗೆ,

ಕುರ್ಚಿ ಎತ್ತರ ಸರಿಮಾಡಿದೆ. ಮೊಣಕೈಗೆ ದಿಂಬು ಇಟ್ಟುಕೊಂಡೆ. ಬಾಯಿ ಮುಚ್ಚಿಕೊಂಡೇ ಕೆಲಸ ಮಾಡಿದೆ. ಡ್ರೈವರಮ್ಮ, "ಏನಮ್ಮ, ನನ್ ಮೇಲೆ ಕೋಪಾನಾ" ಅಂತ ಕೇಳಿದಳು. ಹೊಟ್ಟೆ ತುಂಬ ಊಟ ಮಾಡಿದೆ. ಏನೂ ಪ್ರಯೋಜನವಾಗಲಿಲ್ಲ.

ಮುಚ್ಚಿಡುವುದಿಲ್ಲ, ಬರೆದುಬಿಡುತ್ತೇನೆ. ನನಗೂ ಅಮ್ಮನದೇ ಬಂದಿದೆ ಅನ್ನಿಸುತ್ತಿದೆ. ಅಜ್ಜನಿಂದ ಅಮ್ಮನಿಗೆ, ಅಮ್ಮನಿಂದ ನನಗೆ. ಲೈನರ್ ಹಿಡಿದು ಸ್ವಲ್ಪ ಹೊತ್ತು ಕೂತರೆ ಸಾಕು, ಆಮೇಲೆ ಎಷ್ಟೋ ಹೊತ್ತು, ಒಮ್ಮೊಮ್ಮೆ ಮಾರನೇ ಬೆಳಿಗ್ಗೆವರೆಗೂ, ಬೆರಳುಗಳು ನಡುಗುತ್ತಲೇ ಇರುತ್ತವೆ. ಮೊನ್ನೆ ಅಂಗಡಿ ಮುಚ್ಚಿಕೊಂಡು ಬಂದು ಅಮ್ಮನ ಎದುರು ಕೂತು ನೀರಿನ ಲೋಟ ಎತ್ತಿದೆ. ಅವಳ ಕೈಯಲ್ಲೂ ಲೋಟ ಇತ್ತು. ಎರಡೂ ಲೋಟ ಒಟ್ಟಿಗೆ ಕುಣಿಯುತ್ತಿದ್ದವು. ನಾನು ಕೆಳಗಿಟ್ಟುಬಿಟ್ಟೆ. ಅವಳು ನೋಡಲಿಲ್ಲ, ಅದೊಂದು ಪುಣ್ಯ.

ನನಗೆ ಈ ಕೆಲಸ ಬಿಟ್ಟು ಬೇರೆ ಬರುವುದಿಲ್ಲ ಮಾವ. ಬಂದರೂ ಬೇಕಾಗಿಲ್ಲ. ಪೆಡಲ್ ಮೇಲೆ ಕಾಲಿಟ್ಟು, ಮೆಷಿನ್ ಓಡಲು ಶುರುವಾದಾಗ ನನಗೆ ಆಗುವ ಸಂತೋಷ ಇನ್ಯಾವುದರಲ್ಲೂ ಆಗಿಲ್ಲ. ಆದರೆ ಇನ್ನೊಬ್ಬರ ಮೈಮೇಲೆ ನಡುಗುವ ಕೈ ಇಡುವ ಹಾಗಿಲ್ಲವಲ್ಲ. ಡ್ರೈವರಮ್ಮ ಆ ತೋಳನ್ನು ಇಡೀ ಜೀವಮಾನ ಹೊತ್ತುಕೊಂಡು ಓಡಾಡಬೇಕು.

ಅವಳ ಕೆಲಸವನ್ನು ಗಡ್ಡದವನಿಗೆ ವಹಿಸಿಬಿಡುತ್ತೇನೆ. ಅಂಗಡಿಯ ವಿಷಯ ಆಮೇಲೆ ನೋಡೋಣ. ಅಮ್ಮನಿಗೆ ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ತನ್ನಿಂದಲೇ ಬಂತು ಅಂದುಕೊಂಡು ಕೊರಗುತ್ತಾಳೆ. ನೀವೂ ಅತ್ತೆಯ ಕೈಲಿ ಫೋನ್ ಮಾಡಿಸಬೇಡಿ.

ಕಡ್ಡಿ

ಮೇ 16

ಮಗಳೇ,

ಯಾರಿಗೂ ಏನೂ ವಹಿಸಬೇಡ. ಅಂಗಡಿ ಬೀಗ ಮುಟ್ಟಬೇಡ.

ಮೊದಲು ಒಂದು ಕೆಲಸ ಮಾಡು. ಆ ಗಡ್ಡದವನ ಹತ್ತಿರ ಹೋಗು. ನಿನ್ನ ಲೈನರ್ ಅವನ ಕೈಗೆ ಕೊಡು, ಅವನ ಲೈನರ್ ನೀನು ತೆಗೆದುಕೋ. ಇಬ್ಬರೂ ಒಂದೊಂದು ಗೆರೆ ಎಳೆಯಿರಿ. ಯಾಕೆ ಅಂತ ಕೇಳಬೇಡ. ಅವನು ನಿನ್ನ ಎದುರಾಳಿ, ಹೋಗಲು ನಾಚಿಕೆ, ಅದೆಲ್ಲ ಗೊತ್ತು. ಆದರೂ ಹೋಗು.

ಎಳೆದ ಮೇಲೆ ಏನು ಕಂಡಿತೋ ಅದನ್ನು ಹಾಗೇ ಬರೆ. ನನಗೆ ಬೇಸರವಾಗುತ್ತದೆ ಅಂತ ಒಂದಕ್ಷರವೂ ಮೆತ್ತಗೆ ಮಾಡಬೇಡ.

ಮಾವ

ಜೂನ್ 8

ಮಗಳೇ, ಕಾಗದವೇ ಇಲ್ಲ. ಹೋಗಿದ್ದೆಯಾ? ಒಂದು ಸಾಲಾದರೂ ಬರೆ. ನಿಮ್ಮತ್ತೆ ದಿನಾ ಅಂಚೆ ಡಬ್ಬಿ ತೆಗೆದು ಹಾಕಿ ಮಾಡುತ್ತಿದ್ದಾಳೆ, ನಾನೂ ಮಾಡುತ್ತಿದ್ದೇನೆ, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿಲ್ಲ.

ಮಾವ

ಜೂನ್ 19

ಮಾವನಿಗೆ,

ತಡಮಾಡಿದ್ದಕ್ಕೆ ಬೈಯಿರಿ. ಮೊದಲು ಕೋಪದಲ್ಲಿ ಅವನ ಅಂಗಡಿಗೆ ಹೋಗಲೇ ಇಲ್ಲ. ಮಾವನಿಗೆ ನನ್ನ ಮಾತಿನ ಮೇಲೆ ನಂಬಿಕೆಯಿಲ್ಲ, ಕೈ ಕೆಟ್ಟಿರುವುದಕ್ಕೆ ಸಾಕ್ಷಿ ಕೇಳುತ್ತಿದ್ದಾರೆ, ಅದೂ ಗಡ್ಡದವನ ಮುಂದೆ ಅಂದುಕೊಂಡೆ. ಆಮೇಲೆ ನಿಮ್ಮ ಎರಡನೇ ಚೀಟಿ ಬಂತು. ಡ್ರೈವರಮ್ಮನ ಕೆಲಸ ಒಪ್ಪಿಸಲು ಹೇಗೂ ಹೋಗಬೇಕಲ್ಲ ಅಂತ ಹೊರಟೆ.

ಗಡ್ಡದವನು ನಾನು ಒಳಗೆ ಬಂದದ್ದು ನೋಡಿ, "ಏನಕ್ಕಾ, ಅಂಗಡಿ ತಪ್ಪಿ ಬಂದ್ರಾ" ಅಂದ. ಲೈನರ್ ಕೊಟ್ಟೆ. ರಬ್ಬರ್ ಹಾಳೆ ಮೇಲೆ ಒಂದು ಗೆರೆ ಎಳೆದ. ಎಳೆದವನೇ ಕೈ ಕೊಡವಿಕೊಂಡು, "ಇದೇನಕ್ಕಾ ಹುಚ್ಚು ಹಿಡ್ದಂಗೆ ಓಡ್ತಿದೆ, ಮೊಣಕೈವರೆಗೂ ಜುಮ್ಮಂತು. ಇದ್ರಲ್ಲಿ ಹೆಂಗೆ ಕೆಲ್ಸ ಮಾಡ್ತಿದೀರಾ ನೀವು?" ಅಂದ. ಅವನ ಗೆರೆ ನನ್ನದಕ್ಕಿಂತ ಹೆಚ್ಚು ಅದುರಿತ್ತು.

ಆಮೇಲೆ ನಾನು ಅವನ ಲೈನರ್ ಹಿಡಿದೆ. ಹಾಳೆಯ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ ಎಳೆದೆ. ಗೆರೆ ಸ್ಕೇಲ್ ಇಟ್ಟು ಎಳೆದ ಹಾಗೆ ಬಂತು. ಇನ್ನೊಂದು ಎಳೆದೆ, ಮತ್ತೊಂದು ಎಳೆದೆ, ಹಾಳೆ ಮುಗಿಯಿತು. ಅವನ ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ ಮಾವ, ಮೂಗು ಸೊರಸೊರ ಅನ್ನಿಸಿಕೊಂಡು. ಪಾಪ, ಅವನು ಶಾಯಿ ಒರೆಸುವ ಕಾಗದ ಕೊಟ್ಟ.

ಇನ್ನು ಬರೆಯುವುದು ಕಷ್ಟ. ನೀವೇ ಮೆತ್ತಗೆ ಮಾಡಬೇಡ ಅಂದಿದ್ದೀರಿ. ಅವನ ಲೈನರ್ ಕೂಡ ನೀವು ಕಟ್ಟಿದ್ದೇ. ಅವನು ಅಂಗಡಿ ತೆರೆದ ವರ್ಷ ನಿಮ್ಮಿಂದ ತರಿಸಿಕೊಂಡಿದ್ದನಂತೆ, ಅಂದಿನಿಂದ ತಿರುಪು ಮುಟ್ಟಿಲ್ಲ. ಕಾಯಿಲ್ ಅದೇ, ಚೌಕಟ್ಟು ಅದೇ, ಸದ್ದು ಮಾತ್ರ ಬೇರೆ. ಅದು ಝುಂಯ್ ಅನ್ನುತ್ತದೆ. ನನ್ನದು ಕೀರಲು ದನಿಯಲ್ಲಿ ಕಿರುಚುತ್ತದೆ. ನಾನು ಇಷ್ಟು ದಿನ ಮಾವ ಹೊಂದಿಸಿದ್ದು ತಪ್ಪಿರಲು ಸಾಧ್ಯವೇ ಇಲ್ಲ ಅಂತ ನನ್ನ ಕೈಯನ್ನೇ ಅನುಮಾನಿಸಿದೆ, ಮೆಷಿನ್ ಕಡೆ ತಲೆಯೇ ಹೋಗಲಿಲ್ಲ.

ಗಡ್ಡದವನ ಹತ್ತಿರ ಹಳೆಯ ರೆಕಾರ್ಡ್ ಪ್ಲೇಯರ್ ಇದೆ. ರೆಕಾರ್ಡ್ ಬದಲು ದುಂಡಗೆ ಕತ್ತರಿಸಿದ ಕಾಗದ ಇಟ್ಟು ತಿರುಗಿಸಿ, ಓಡುವ ಸೂಜಿಯನ್ನು ಅಂಚಿಗೆ ಸುಮ್ಮನೆ ತಗುಲಿಸಿದೆವು. ಸುತ್ತಲೂ ಚುಕ್ಕಿಗಳ ಬಳೆ ಮೂಡಿತು. ಸೂಜಿ ವೇಗವಾಗಿದ್ದಷ್ಟೂ ಚುಕ್ಕಿ ಒತ್ತೊತ್ತು. ಅವನ ಲೈನರ್‌ನದು, ನನ್ನ ಲೈನರ್‌ನದು, ನನ್ನ ಶೇಡರ್‌ನದು, ಮೂರೂ ಕಳಿಸಿದ್ದೇನೆ. ನೋಡಿದರೆ ನಿಮಗೇ ಕಾಣುತ್ತದೆ. ನನ್ನ ಶೇಡರ್ ಅವನ ಲೈನರ್‌ನಷ್ಟು ವೇಗವಾಗಿ ಓಡುತ್ತಿದೆ.

ಫೋನ್ ಲೈನ್ ಕೆಟ್ಟಿಲ್ಲ ಅಲ್ಲವೇ ಮಾವ? ಅತ್ತೆ ಗೊಣಗುವುದನ್ನೂ ಬಿಟ್ಟಿಲ್ಲ, ನಿಮಗೆ ಕೇಳಿಸುತ್ತಿಲ್ಲ. ನಿಮಗೆ ಇದು ಗೊತ್ತಿತ್ತು. ಗೊತ್ತಿದ್ದೇ ನನ್ನನ್ನು ಗಡ್ಡದವನ ಹತ್ತಿರ ಕಳಿಸಿದಿರಿ. ನಿಮ್ಮ ಮೇಲೆ ನನಗೆ ಒಂದು ಚೂರೂ ಕೋಪವಿಲ್ಲ. ಅಂದುಕೊಂಡರೂ ಬರುತ್ತಿಲ್ಲ.

ಕಡ್ಡಿ

ಜುಲೈ 4

ಕಡ್ಡಿ,

ನಿನ್ನ ಕಾಗದ ಓದಿ ನಾನು ಎದ್ದು ಹೋಗಿ ನಿಮ್ಮತ್ತೆಗೆ, "ಹುಡುಗಿ ಕೈ ಚೆನ್ನಾಗಿದೆಯಂತೆ ಕಣೇ, ನನ್ನ ಕಿವಿ ಹೋಗಿರೋದಂತೆ" ಅಂತ ಹೇಳಿದೆ. ಲಾಟರಿ ಹೊಡೆದವನ ಹಾಗೆ ಹೇಳಿದೆನಂತೆ. ಅವಳು ಅರ್ಧ ಗಂಟೆ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು.

ಪೂರ್ತಿ ಗೊತ್ತಿರಲಿಲ್ಲ ನನಗೆ. ಫೋನಿನಲ್ಲಿ ಮಾತು ಕಲಸಿದ ಹಾಗೆ ಕೇಳುತ್ತದೆ ಅನ್ನುವುದು ಗೊತ್ತಿತ್ತು. ಫೋನಿನದೇ ತಪ್ಪು ಅಂದುಕೊಂಡಿದ್ದೆ, ಅಂದರೆ ಹಾಗಂದುಕೊಳ್ಳುವುದು ಸಲೀಸಾಗಿತ್ತು. ಏಪ್ರಿಲ್‌ನಲ್ಲಿ ನಿನ್ನ ಹಾಳೆ ಬಂತಲ್ಲ, ಅದನ್ನು ಕಿಟಕಿ ಹತ್ತಿರ ಹಿಡಿದು ನೋಡಿದಾಗ ನನಗೆ ನಿನ್ನ ಮೊಣಕೈ ನೆನಪಾಗಲಿಲ್ಲ. ಅಕ್ಕ ನೆನಪಾದಳು. ಕೈ ನಡುಗಲು ಶುರುವಾದ ಮೊದಲ ವರ್ಷ ಅವಳ ಹೊಲಿಗೆ ಹಾಗೇ ಇತ್ತು. ಮಗುವಿಗೂ ಬಂತಲ್ಲ ಅಂತ ಹಾಳೆಯನ್ನು ಮಗುಚಿಟ್ಟೆ. ನಿನಗೆ ಏನಂತ ಬರೆಯಲಿ? ಒತ್ತುತ್ತೀಯ, ಹರಟೆ ಹೊಡೆಯುತ್ತೀಯ, ಊಟ ಮಾಡುವುದಿಲ್ಲ ಅಂತ ಬಾಯಿಗೆ ಬಂದದ್ದೆಲ್ಲ ಬೈದು ಕಳಿಸಿದೆ. ಹೆದರಿಕೆಯಾದರೆ ಬೈಯುವುದು ಬಿಟ್ಟು ನನಗೆ ಇನ್ನೇನೂ ಬರುವುದಿಲ್ಲ, ನಿಮ್ಮತ್ತೆಯನ್ನು ಕೇಳು.

ಮೇ ತಿಂಗಳ ಕಾಗದ ಓದಿದ ದಿನ ಕೆಲಸಕ್ಕೆ ಕೂರಲು ಆಗಲಿಲ್ಲ. ಬೆಂಚಿನ ಮೇಲಿದ್ದ ಒಂದು ಲೈನರ್ ಓಡಿಸಿ ಅದರ ಸ್ಪ್ರಿಂಗಿಗೆ ಹೆಬ್ಬೆರಳು ತಾಗಿಸಿದೆ. ಕಿವಿ, ಓಟ ಮೆಲ್ಲಗಿದೆ ಅನ್ನುತ್ತಿತ್ತು, ಹೆಬ್ಬೆರಳು ಉರಿಯುತ್ತಿತ್ತು. ಆಗ ಒಂದು ಆಸೆ ಹುಟ್ಟಿತು. ತಪ್ಪು ನನ್ನದೇ ಆಗಿರಲಿ, ನನ್ನದೇ ಆಗಿರಲಿ ಅಂತ ಜಪ ಮಾಡುತ್ತಾ ನಿನಗೆ ಆ ಚೀಟಿ ಬರೆದೆ. ಕಾರಣ ಬರೆದಿದ್ದರೆ ನೀನು ನನ್ನ ಮರ್ಯಾದೆ ಕಾಯಲು ಹೋಗಿ, ಇಲ್ಲ ಮಾವ ಮೆಷಿನ್ ಸರಿಯಾಗಿಯೇ ಇದೆ ಅಂದುಬಿಡುತ್ತಿದ್ದೆ.

ಕಿವಿ ಡಾಕ್ಟರ ಹತ್ತಿರ ಹೋಗಿ ಬಂದೆ. ದಪ್ಪ ಸದ್ದೆಲ್ಲ ಇದೆಯಂತೆ, ಸಣ್ಣ ಸದ್ದು ಕೀಚಲು ಸದ್ದು ಹೋಗಿದೆಯಂತೆ. ಅದಕ್ಕೇ ನೋಡು, ಆ ಚುರುಕು ಕೇಳಲಿ ಅಂತ ನಾನು ಬಿಗಿ ಮಾಡುತ್ತಲೇ ಹೋದದ್ದು, ಬಿಗಿಯಾದಷ್ಟೂ ಸೂಜಿ ಇನ್ನೂ ಜೋರಾಗಿ ಓಡಿದ್ದು. ಕಿವಿಗೊಂದು ಮೆಷಿನ್ ಕೊಟ್ಟರು. ಹಾಕಿಕೊಂಡು ಮನೆಗೆ ಬಂದೆ. ಅಡುಗೆಮನೆಯಿಂದ, "ಬಂದ್ರಪ್ಪ ಮಹಾರಾಜರು, ಚಪ್ಪಲಿ ನಡುಮನೇಲಿ ಬಿಟ್ಟು" ಅಂತ ಕೇಳಿಸಿತು. ಇಷ್ಟು ದಿನವೂ ಅವಳು ಗೊಣಗುವುದನ್ನು ಒಮ್ಮೆಯೂ ತಪ್ಪಿಸಿಲ್ಲವಂತೆ. ಮಾಗಿದ್ದಾಳೆ ಅಂದುಕೊಂಡು ನಾನೊಬ್ಬನೇ ನೆಮ್ಮದಿಯಾಗಿದ್ದೆ.

ಆ ಯಂತ್ರ ಹಾಕಿಕೊಂಡು ಬೆಂಚಿನ ಮುಂದೆ ಕೂತರೆ ಲೈನರ್ ಸದ್ದು ತಲೆಯೊಳಗೆ ಚೇಳು ಬಿಟ್ಟ ಹಾಗಾಗುತ್ತದೆ. ತೆಗೆದಿಟ್ಟು, ನಿನ್ನ ಚುಕ್ಕಿ ಬಳೆಯ ದಾರಿಯನ್ನೇ ಹಿಡಿದಿದ್ದೇನೆ. ಗುಜರಿಯಿಂದ ಒಂದು ಪ್ಲೇಯರ್ ತಂದು ರಿಪೇರಿ ಮಾಡಿದೆ. ಗಡ್ಡದವನ ಲೈನರ್‌ನ ಬಳೆಯನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ, ಅದರ ಚುಕ್ಕಿಗೂ ಇದರ ಚುಕ್ಕಿಗೂ ಹೊಂದುವವರೆಗೆ ತಿರುಪು ತಿರುಗಿಸುವುದು. ಶೇಡರ್‌ಗೆ ಇನ್ನೂ ಅಗಲ ಅಂತರ. ಈಚೆಗೆ ಹೊಂದಿಸಿಕೊಟ್ಟವರಿಗೆಲ್ಲ ವಾಪಸು ಕಳಿಸಿ ಅಂತ ಬರೆದಿದ್ದೇನೆ. ಕೆಲವರು ನಗುತ್ತಾರೆ, ನಗಲಿ.

ನಿನ್ನ ಎರಡೂ ಮೆಷಿನ್ ಕಳಿಸು.

ಮಾವ

ಜುಲೈ 30

ಮಾವನಿಗೆ ಕಡ್ಡಿಯ ನಮಸ್ಕಾರ.

ಮೆಷಿನ್‌ಗಳು ಬಂದವು. ಲೈನರ್ ಕೈಯಲ್ಲಿ ಹಿಡಿದಿದ್ದೇನೆ ಅನ್ನುವುದೇ ಮರೆತುಹೋಗುತ್ತದೆ. ಶೇಡರ್ ಮತ್ತೆ ಪುಡಿ ಉದುರಿಸುತ್ತಿದೆ.

ಬಳ್ಳಿ ಮಣಿಕಟ್ಟು ಮುಟ್ಟಿತು. ಮೇಲಿನ ಎಲೆಗಳಿಗೆ ಗರಗಸದ ಅಂಚು, ಕೆಳಗೆ ಬರುತ್ತಾ ನುಣುಪು. ಇದು ಹೀಗಾಯಿತು, ಮೆಷಿನ್ ಸರಿಯಿರಲಿಲ್ಲ, ತಿದ್ದಿಕೊಡುತ್ತೇನೆ ಅಂತ ಡ್ರೈವರಮ್ಮನಿಗೆ ನಿಜ ಹೇಳಿದೆ. ಅವಳು ತೋಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮುಟ್ಬೇಡಮ್ಮ ಅದನ್ನ, ಎಳೇ ಎಲೆ ಬೇರೆ ಬಲಿತ ಎಲೆ ಬೇರೆ ಇರಲ್ವಾ" ಅಂದಳು. ನೆರಳು ತುಂಬಿದ ಮೇಲೆ ನನಗೂ ಅದೇ ಸರಿ ಅನ್ನಿಸಿತು. ಗಡ್ಡದವನು ಈಗ ದಿನಕ್ಕೊಂದು ಸಲ ಬಂದು ನನ್ನ ಟೀ ಕುಡಿದು ಹೋಗುತ್ತಾನೆ, ಅಂಗಡಿ ತಪ್ಪಿ.

ಅಮ್ಮನಿಗೆ ಎಲ್ಲ ಹೇಳಿದೆ. ಕೇಳಿಸಿಕೊಂಡು, ನಿನ್ನ ಮಾವನಿಗೆ ನಾನೂ ಎರಡು ಸಾಲು ಬರೆಯುತ್ತೇನೆ, ಪೆನ್ನು ಕೊಡು ಅಂದಳು. ಕೆಳಗಿನದು ಅವಳದು. ನಾನು ಕೈ ಹಿಡಿಯಲು ಹೋದರೆ ಬಿಡಲಿಲ್ಲ.

ಕಡ್ಡಿ

ತಮ್ಮಾ,

ಪೆನ್ನು ಹಿಡಿದು ಎಷ್ಟೋ ಕಾಲ ಆಯ್ತು. ಅಕ್ಷರ ಎಲ್ಲೆಲ್ಲೋ ಓಡುತ್ತೆ, ನೀನೇ ಹುಡುಕಿಕೊಂಡು ಓದು.

ಇವಳು ದಿನಾ ಬೆಳಿಗ್ಗೆ ನನ್ನ ಅಂಗಿ ಗುಂಡಿ ಹಾಕಿ ಅಂಗಡಿಗೆ ಹೋಗೋಳು. ಏಪ್ರಿಲ್‌ನಲ್ಲಿ ಒಂದು ದಿನ ಗುಂಡಿಯೇ ಇಲ್ಲದ ಅಂಗಿಗಳನ್ನ ತಂದಳು. ಸೆಕೆಗೆ ಇದೇ ಒಳ್ಳೇದಮ್ಮ ಅಂದಳು. ಇವಳ ಕೈಗೂ ಬಂತು ಅಂತ ನನಗೆ ಆಗಲೇ ಗೊತ್ತಾಯ್ತು. ಕೇಳಲಿಲ್ಲ. ತಲೆ ಮೇಲಿಂದ ಹಾಕಿಕೊಂಡೆ. ಬೇಸಿಗೆ ಪೂರ್ತಿ ನಿದ್ದೆ ಇರಲಿಲ್ಲ ನನಗೆ.

ಈವತ್ತು ಬೆಳಿಗ್ಗೆ ಗುಂಡಿ ಅಂಗಿ ತೆಗೆದು, ಬಾ ಅಮ್ಮ ಅಂದಳು. ಕುತ್ತಿಗೆಯಿಂದ ಕೆಳಗಿನವರೆಗೆ ಎಲ್ಲ ಗುಂಡಿ ಹಾಕಿದಳು.

ನಿನ್ನ ಕಿವಿ ಹೋಯ್ತು ಅಂತ ಅಕ್ಕ ಆಗಿ ನಾನು ಬೇಜಾರು ಮಾಡಿಕೋಬೇಕು. ಆಗ್ತಾ ಇಲ್ಲ ಕಣೋ. ಬೈಕೋಬೇಡ.